ಬಾಂಡ್ ಬರೆದರೆ ಬಂಧ ಹರಿಯದು

ಹಿರಿಯರು ಕೂತರು, ನೋಟರಿ ಮುದ್ರೆ ಬಿತ್ತು, ಬಂಗಾರ ತಿರುಗಿ ಬಂತು. ‘ಸೋಡಚೀಟಿ ಆತು’ ಎಂದು ಎರಡೂ ಕಡೆಯವರು ಎದ್ದು ಹೋದರು. ಕಾನೂನಿನ ಲೆಕ್ಕದಲ್ಲಿ ಮಾತ್ರ ಅವರಿಬ್ಬರೂ ಇನ್ನೂ ಗಂಡ–ಹೆಂಡತಿ! ವಿಜಯಪುರ, ಟಿಕೋಟಾ, ಬಬಲೇಶ್ವರದ ಮನೆಗಳ ಟ್ರೆಜರಿಯೊಳಗೆ (ಬೀರುವಿನೊಳಗೆ) ಮಡಚಿಟ್ಟ ಆ ಬಾಂಡ್ ಪೇಪರನ್ನು ಒಂದೊಂದೇ ಸಾಲು ಬಿಡಿಸಿ ಓದೋಣ ಬನ್ನಿ.

ಬೇವಿನ ಗಿಡದ ನೆರಳಿಗೆ ಜಮಖಾನೆ ಹಾಸಿದೆ. ಈ ಕಡೆ ಗಂಡಿನವರು ಎಂಟು ಮಂದಿ, ಆ ಕಡೆ ಹೆಣ್ಣಿನವರು ಆರು ಮಂದಿ. ನಡುವೆ ಊರ ಹಿರಿಯರು. ತಂದಿಟ್ಟ ಚಹಾ ಕೆನೆಗಟ್ಟಿದೆ, ಯಾರೂ ಮುಟ್ಟಿಲ್ಲ.

‘ಬಂಗಾರ ಎಷ್ಟು ಹಾಕಿದ್ರಿ?’

‘ಮೂರು ತೊಲಿ ರೀ. ಟ್ರೆಜರಿ, ಮಂಚ, ಭಾಂಡೆ ಸಾಮಾನ ಬ್ಯಾರೆ.’

‘ಲಗ್ನದ ಖರ್ಚು ಅವರವರದು ಅವರವರಿಗೆ. ಬಂಗಾರ, ಸಾಮಾನ ತಿರುಗಿ ಕೊಡ್ರಿ. ಮ್ಯಾಲ ಎರಡು ಲಕ್ಷ. ಏನಂತೀರಿ ಬೀಗರ?’

ಬೀಗರು ನೆಲ ನೋಡುತ್ತಾರೆ. ಯಾರೋ ಕಾಕಾ ಒಬ್ಬರು ಅಂಗಿಯ ಕಿಸೆಯಿಂದ ಬಾಂಡ್ ಪೇಪರ್ ತೆಗೆಯುತ್ತಾರೆ. ಅದು ಮೊದಲೇ ಟೈಪ್ ಆಗಿದೆ. ಮೊತ್ತದ ಜಾಗ ಮಾತ್ರ ಖಾಲಿ.

ಹುಡುಗಿ ಜಮಖಾನೆಯ ಮೇಲಿಲ್ಲ, ಒಳಗೆ ಬಾಗಿಲ ಸಂದಿಯಲ್ಲಿದ್ದಾಳೆ. ಅಷ್ಟು ಹೊತ್ತಿನಲ್ಲಿ ಅವಳನ್ನು ಕೇಳಿದ ಪ್ರಶ್ನೆ ಒಂದೇ: ‘ಸೈ ಎಲ್ಲಿ ಮಾಡಬೇಕು ಗೊತ್ತಾತಿಲ್ಲ ಯವ್ವಾ?’

ಇದು ಒಂದು ಊರಿನ, ಒಂದು ಮನೆಯ ಚಿತ್ರವಲ್ಲ. ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ಟಿಕೋಟಾ ಕಡೆ ಹೋಗಿ, ಜಮಖಂಡಿ ರಸ್ತೆ ಹಿಡಿದು ಬಬಲೇಶ್ವರ ಕಡೆ ಹೋಗಿ. ತೊಲಿಯ ಲೆಕ್ಕ ಬದಲಾದೀತು, ಕೂತ ಕಟ್ಟೆ ಬದಲಾದೀತು. ಮಾತಿನ ಧಾಟಿ ಇದೇ.

ಹಾರದ ಫೋಟೊ

ರಾಷ್ಟ್ರೀಯ ಲೋಕ ಅದಾಲತ್ ನಡೆದ ಮರುದಿನ ಪತ್ರಿಕೆಗಳಲ್ಲಿ ಒಂದು ಫೋಟೊ ಖಾಯಂ. ಮುನಿಸಿಕೊಂಡಿದ್ದ ಗಂಡ–ಹೆಂಡತಿ ನ್ಯಾಯಾಧೀಶರ ಎದುರು ಮತ್ತೆ ಹಾರ ಬದಲಿಸಿಕೊಳ್ಳುತ್ತಾರೆ. ವಕೀಲರು ಚಪ್ಪಾಳೆ ತಟ್ಟುತ್ತಾರೆ. ಓದುವವರಿಗೂ ಖುಷಿ.

ಅದೇ ಕೋರ್ಟಿನ ಅದೇ ಪಡಸಾಲೆಯಲ್ಲಿ ಇನ್ನೊಂದು ಜೋಡಿ ಇರುತ್ತದೆ. ಇವರು ಒಂದಾಗುವವರಲ್ಲ. ಆದರೆ ಮಗುವಿನ ಶಾಲೆಯ ಫೀ ಯಾರು ಕಟ್ಟಬೇಕು, ಬಂಗಾರ ಯಾವಾಗ ಕೊಡಬೇಕು, ಹೂಡಿದ ಕೇಸುಗಳನ್ನು ಹೇಗೆ ಮುಗಿಸಬೇಕು ಎಂದು ಕೂತು ಮಾತಾಡಿ, ಬರೆದು, ಇಬ್ಬರೂ ಸಹಿ ಹಾಕಿ, ಹೊರಗೆ ಬಂದು ಬೇರೆಬೇರೆ ಬಸ್ ಹತ್ತುತ್ತಾರೆ. ಅವರ ಫೋಟೊ ಯಾರೂ ತೆಗೆಯುವುದಿಲ್ಲ.

ಕೂಡಿಸುವುದು ಪುಣ್ಯದ ಕೆಲಸ, ನಿಜ. ಕೂಡದವರನ್ನು ನೆಟ್ಟಗೆ ಬೇರೆ ಮಾಡುವುದೂ ಅಷ್ಟೇ ದೊಡ್ಡ ಕೆಲಸ. ಅದನ್ನು ಕಲಿಯದ ಕಾರಣಕ್ಕೇ ನಮ್ಮಲ್ಲಿ ಬಾಂಡ್ ಪೇಪರ್ ಗೆಲ್ಲುತ್ತಿದೆ.

ಹಳೆಯ ದಾರಿ, ಹೊಸ ಕಾಯ್ದೆ

ಸೋಡಚೀಟಿ ನಿನ್ನೆ ಮೊನ್ನೆಯದಲ್ಲ. ಮರಾಠಿಯಿಂದ ಬಂದ ಈ ಶಬ್ದಕ್ಕೆ ‘ಬಿಡುಗಡೆಯ ಚೀಟಿ’ ಎಂದೇ ಅರ್ಥ. 1884ರಲ್ಲಿ ಬ್ರಿಟಿಷರು ಹೊರತಂದ ಬಾಂಬೆ ಗೆಜೆಟಿಯರ್‌ನ ಬಿಜಾಪುರ ಸಂಪುಟ ತಿರುವಿದರೆ, ಯಾವ ಜಾತಿಯಲ್ಲಿ ವಿಧವೆಯರ ಮರುಮದುವೆ ಇದೆ, ಯಾವುದರಲ್ಲಿ ವಿಚ್ಛೇದನ ನಡೆಯುತ್ತದೆ ಎಂಬ ವಿವರ ಜಾತಿವಾರು ಸಿಗುತ್ತದೆ. ಬಿಟ್ಟವಳು ಉಡಕಿಯಾಗಿ ಮತ್ತೊಂದು ಮನೆ ಸೇರುವುದು ಎಷ್ಟೋ ಸಮುದಾಯಗಳಲ್ಲಿ ನಡೆದುಬಂದ ರೂಢಿ. ಪುರೋಹಿತರ ಪುಸ್ತಕದಲ್ಲಿ ಇಲ್ಲದ ದಾರಿಯನ್ನು ಜನ ತಾವೇ ಮಾಡಿಕೊಂಡಿದ್ದರು.

ಆದರೆ ಆ ದಾರಿಗೆ ಕೋರ್ಟುಗಳು ಆಗಲೇ ಬೇಲಿ ಹಾಕಿದ್ದವು. 1876ರಲ್ಲೇ ಬಾಂಬೆ ಹೈಕೋರ್ಟ್, ಒಂದು ಮದುವೆ ಮುರಿಯಿತೆಂದು ಸಾರುವ ಅಧಿಕಾರ ಜಾತಿ ಪಂಚಾಯ್ತಿಗೆ ಇಲ್ಲ ಎಂದಿತು. ಹಿರಿಯರು ಬುದ್ಧಿ ಹೇಳಬಹುದು, ರಾಜಿ ಮಾಡಿಸಬಹುದು. ತೀರ್ಪು ಕೊಡುವಂತಿಲ್ಲ.

ಬಿಜಾಪುರ ಜಿಲ್ಲೆ ಆಗ ಮುಂಬೈ ಪ್ರಾಂತ್ಯದ ಭಾಗ. ಅದರಿಂದ ಒಂದು ಲಾಭವೂ ಆಯಿತು. ಹಿಂದೂ ವಿವಾಹ ಕಾಯ್ದೆ ಬಂದದ್ದು 1955ರಲ್ಲಿ. ಅದಕ್ಕಿಂತ ಎಂಟು ವರ್ಷ ಮೊದಲೇ, 1947ರ ಬಾಂಬೆ ಹಿಂದೂ ವಿಚ್ಛೇದನ ಕಾಯ್ದೆ ಇಲ್ಲಿಯ ಹೆಣ್ಣುಮಕ್ಕಳಿಗೆ ಕೋರ್ಟಿನ ಬಾಗಿಲು ತೆರೆದಿತ್ತು.

1955ರ ಕಾಯ್ದೆ ಹಿಂದೂಗಳಿಗೆಲ್ಲ ಅನ್ವಯ. ಅದರ 2ನೇ ಸೆಕ್ಷನ್‌ನಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳೇ ಇವೆ. ಪರಿಶಿಷ್ಟ ಪಂಗಡದವರಿಗೆ ಮಾತ್ರ ಅದು ನೇರವಾಗಿ ಅನ್ವಯವಾಗದು. ಅವರಿಗೆ ಅವರ ರೂಢಿಯೇ ಕಾನೂನು. ಪರಸ್ಪರ ಒಪ್ಪಿಗೆಯ ವಿಚ್ಛೇದನ, ಅಂದರೆ 13–ಬಿ ಸೆಕ್ಷನ್, ಸೇರಿದ್ದು 1976ರ ತಿದ್ದುಪಡಿಯಲ್ಲಿ. ‘ಜಗಳ ಬೇಡ, ಇಬ್ಬರೂ ಒಪ್ಪಿ ಬೇರೆಯಾಗುತ್ತೇವೆ’ ಎನ್ನುವ ಜೋಡಿಗೆ ಕಾಯ್ದೆ ಜಾಗ ಕೊಟ್ಟು ಅರ್ಧ ಶತಮಾನವೇ ಆಗುತ್ತ ಬಂತು. ಜಮಖಾನೆಯ ಮೇಲೆ ಕೂತವರಿಗೆ ಆ ಸುದ್ದಿ ಇನ್ನೂ ಪೂರ್ತಿ ಮುಟ್ಟಿಲ್ಲ.

> ಮಾತಿನ ಅರ್ಥ
>
> ಸೋಡಚೀಟಿ, ಸೋಡಪತ್ರ: ಗಂಡ–ಹೆಂಡತಿ ಬಿಟ್ಟೆವೆಂದು ಬರೆದುಕೊಳ್ಳುವ ಕಾಗದ.
>
> ಪೋಟಗಿ: ಜೀವನಾಂಶ. ಹೊಟ್ಟೆಪಾಡಿನ ಹಣ.
>
> ಉಡಕಿ: ವಿಧವೆಯ ಅಥವಾ ಗಂಡನನ್ನು ಬಿಟ್ಟವಳ ಮರುಮದುವೆ.
>
> ಉತಾರ: ಹೊಲದ ಪಹಣಿ.
>
> ಖುಲಾ: ಮುಸ್ಲಿಂ ಹೆಂಡತಿ ತಾನಾಗಿ ಕೇಳಿ ಪಡೆಯುವ ಬಿಡುಗಡೆ.
>
> ಮುಬಾರಾತ್: ಇಬ್ಬರೂ ಒಪ್ಪಿ ಬೇರೆಯಾಗುವುದು.

ಸಾಲು 1: ‘ಇಂದಿನಿಂದ ನಮ್ಮಿಬ್ಬರಿಗೂ ಸಂಬಂಧವಿಲ್ಲ’

ಬಾಂಡಿನ ಒಕ್ಕಣೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಶುರುವಾಗುವುದು ಹೀಗೆ: ನಾವು ಉಭಯತರೂ ಸ್ವಖುಷಿಯಿಂದ, ಯಾರ ಒತ್ತಾಯವೂ ಇಲ್ಲದೆ, ಪಂಚರ ಸಮಕ್ಷಮ ಬೇರೆಯಾಗಿದ್ದು, ಇಂದಿನಿಂದ ನಮ್ಮ ಗಂಡ–ಹೆಂಡತಿ ಸಂಬಂಧ ಮುಗಿದಿರುತ್ತದೆ.

ಮುಗಿದಿಲ್ಲ. ಹಿಂದೂ ಮದುವೆ ಮುಗಿಯುವುದು ಕೋರ್ಟಿನ ಡಿಕ್ರಿಯಿಂದ. ಇದಕ್ಕೊಂದು ಸಣ್ಣ ಕಿಂಡಿಯಿದೆ. ಕಾಯ್ದೆಯ 29ನೇ ಸೆಕ್ಷನ್, ರೂಢಿಯಿಂದ ಬಂದ ವಿಚ್ಛೇದನದ ಹಕ್ಕನ್ನು ಉಳಿಸಿದೆ. ‘ನಮ್ಮಲ್ಲಿ ಮೊದಲಿಂದ ಹಿಂಗ ನಡಕೊಂಡು ಬಂದದ’ ಎಂದು ಹಿರಿಯರು ಹೇಳುವುದು ಈ ಧೈರ್ಯದ ಮೇಲೆಯೇ.

ಆ ಕಿಂಡಿ ಎಷ್ಟು ಸಣ್ಣದು ಎಂಬುದನ್ನು ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರ ಫೆಬ್ರವರಿಯಲ್ಲಿ ತೋರಿಸಿಕೊಟ್ಟಿತು. 1982ರಲ್ಲಿ ಬರೆದ ವಿಚ್ಛೇದನ ಪತ್ರವೊಂದರ ವ್ಯಾಜ್ಯ ಅದು. ಸಹಿ ಒತ್ತಾಯದ್ದೋ ಖುಷಿಯದ್ದೋ ಎಂದು ಕೆಳಗಿನ ಕೋರ್ಟುಗಳು ವಿಚಾರಿಸಿದ್ದವು. ಸುಪ್ರೀಂ ಕೋರ್ಟ್ ಅದಕ್ಕಿಂತ ಮೊದಲಿನ ಪ್ರಶ್ನೆ ಎತ್ತಿತು: ಇಂಥ ರೂಢಿ ನಿಮ್ಮ ಸಮುದಾಯದಲ್ಲಿ ಇದೆ ಎನ್ನುವುದಕ್ಕೆ ಸಾಕ್ಷಿ ಎಲ್ಲಿದೆ? ರೂಢಿಯ ವಿಚ್ಛೇದನ ಕಾನೂನಿಗೆ ಒಂದು ಅಪವಾದ. ಅದನ್ನು ಹೇಳಿಕೊಂಡವರೇ ಸಾಬೀತು ಮಾಡಬೇಕು. ಹೀಗೆಂದು ಪ್ರಕರಣ ಮತ್ತೆ ಕೆಳಗಿನ ಕೋರ್ಟಿಗೆ ಹೋಯಿತು. ಬಾಂಡ್ ಬರೆದು ಆಗಲೇ ಇಪ್ಪತ್ತು ವರ್ಷವಾಗಿತ್ತು!

‘ಹಂಗಾದ್ರ ಸರ್ಕಾರ ಬಾಂಡ್ ಯಾಕ ಮಾರ್ತದ್ರಿ?’ ಎಂದು ಕೇಳುವವರಿದ್ದಾರೆ. ಪ್ರಶ್ನೆಯಲ್ಲಿ ಹುರುಳಿಲ್ಲದೆ ಇಲ್ಲ. 1899ರ ಭಾರತೀಯ ಸ್ಟಾಂಪ್ ಕಾಯ್ದೆಯ ಪಟ್ಟಿಯಲ್ಲಿ ‘ವಿಚ್ಛೇದನ ಪತ್ರ’ ಎಂಬ ಹೆಸರಿದೆ, ಅದಕ್ಕೆ ಒಂದು ರೂಪಾಯಿ ಸುಂಕವೂ ಇದೆ. ಆದರೆ ಸುಂಕ ಕಟ್ಟಿದ ಮಾತ್ರಕ್ಕೆ ಕಾಗದಕ್ಕೆ ಜೀವ ಬರುವುದಿಲ್ಲ. ಸಂತೆಯಲ್ಲಿ ಜಕಾತಿ ಕಟ್ಟಿದರೆ ಕೊಂಬು ಮುರಿದ ಎತ್ತಿಗೆ ಕೊಂಬು ಮೂಡೀತೆ?

ನೋಟರಿ ಮುದ್ರೆಯ ಕತೆಯೂ ಅಷ್ಟೇ. ಮದುವೆ ಅಥವಾ ವಿಚ್ಛೇದನದ ಪತ್ರ ಮಾಡಿಕೊಡುವ ಅಧಿಕಾರ ನೋಟರಿಗಳಿಗೆ ಇಲ್ಲವೆಂದು ಕೇಂದ್ರ ಕಾನೂನು ಸಚಿವಾಲಯ 2024ರ ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಎಚ್ಚರಿಸಿದೆ.

ಸಾಲು 2: ‘ಇಬ್ಬರೂ ಬೇರೆ ಲಗ್ನವಾಗಲು ತಕರಾರಿಲ್ಲ’

ಬಾಂಡಿನ ನಿಜವಾದ ಅಪಾಯ ಈ ಸಾಲಿನಲ್ಲಿದೆ. ಇದನ್ನು ನಂಬಿ ಗಂಡು ಮತ್ತೊಂದು ಲಗ್ನವಾಗುತ್ತಾನೆ. ಕೆಲವೊಮ್ಮೆ ಹೆಣ್ಣೂ ಆಗುತ್ತಾಳೆ. ಮೊದಲ ಮದುವೆ ಊರ್ಜಿತ ಇರುವಾಗ ಆದ ಎರಡನೆಯದು ಶೂನ್ಯ. ಮೇಲೆ ಅದು ಅಪರಾಧ ಕೂಡ. ಭಾರತೀಯ ನ್ಯಾಯ ಸಂಹಿತೆಯ 82ನೇ ಸೆಕ್ಷನ್ ಪ್ರಕಾರ ಏಳು ವರ್ಷದವರೆಗೆ ಜೈಲು.

ಕಷ್ಟ ಗೊತ್ತಾಗುವುದು ಎಷ್ಟೋ ವರ್ಷದ ಮೇಲೆ. ಆತ ಸರ್ಕಾರಿ ನೌಕರನಾಗಿದ್ದು ತೀರಿಕೊಂಡರೆ ಕುಟುಂಬ ಪಿಂಚಣಿಯ ಕಚೇರಿ ಕೇಳುವ ಮೊದಲ ಪ್ರಶ್ನೆ: ಕಾನೂನುಬದ್ಧ ಹೆಂಡತಿ ಯಾರು? ಎರಡನೆಯವಳಿಗೆ ಮಕ್ಕಳಿದ್ದಾರೆ, ಕೈಯಲ್ಲಿ ರೇಷನ್ ಕಾರ್ಡ್ ಇದೆ, ಮದುವೆಯ ಆಲ್ಬಮ್ ಇದೆ. ಮೊದಲನೆಯವಳ ವಿಚ್ಛೇದನದ ಡಿಕ್ರಿ ಇಲ್ಲ. ಆ ಬಾಂಡ್ ಆಗ ಯಾವ ಕೆಲಸಕ್ಕೂ ಬಾರದು.

ಇಂಥ ಮನೆಯಲ್ಲಿ ಹುಟ್ಟಿದ ಮಕ್ಕಳ ತಪ್ಪೇನು? ಏನೂ ಇಲ್ಲ ಎಂದು ಕಾನೂನು ಒಪ್ಪಿದೆ. ಕರ್ನಾಟಕದಿಂದಲೇ ಹೋದ ಇನ್ನೊಂದು ಪ್ರಕರಣದಲ್ಲಿ 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್, ಶೂನ್ಯ ಮದುವೆಯಲ್ಲಿ ಹುಟ್ಟಿದ ಮಕ್ಕಳಿಗೂ ಅಪ್ಪನ ಪಾಲಿಗೆ ಬರುವ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕಿದೆ ಎಂದಿತು. ಮಕ್ಕಳು ಪಾರಾದರು. ಅವರ ತಾಯಿಗೆ ಆ ತೀರ್ಪಿನಿಂದ ಹೆಂಡತಿಯ ಪಟ್ಟ ಸಿಗುವುದಿಲ್ಲ.

ಸಾಲು 3: ‘ಮುಂದೆ ಪೋಟಗಿ ಕೇಳುವುದಿಲ್ಲ’

ಈ ಸಾಲಿಗಾಗಿಯೇ ಗಂಡಿನ ಕಡೆಯವರು ಬಾಂಡ್ ಮಾಡಿಸುವುದು. ಒಂದು ಮೊತ್ತ ಕೊಟ್ಟು ಕೈ ತೊಳೆದುಕೊಂಡೆವು ಎಂಬ ನೆಮ್ಮದಿ.

ಅದು ಸುಳ್ಳು ನೆಮ್ಮದಿ. ಕರ್ನಾಟಕದ ಒಬ್ಬ ಹೆಣ್ಣುಮಗಳು 8,000 ರೂಪಾಯಿ ಒಟ್ಟಿಗೆ ಪಡೆದು, ಇನ್ನು ಜೀವನಾಂಶ ಕೇಳುವುದಿಲ್ಲವೆಂದು ರಾಜಿಯಾಗಿದ್ದಳು. ವರ್ಷಗಳ ಮೇಲೆ ಬದುಕು ಸಾಗದೆ ಮತ್ತೆ ದಾವೆ ಹಾಕಿದಳು. ‘ಬರೆದುಕೊಟ್ಟಿದ್ದಾಳಲ್ಲ’ ಎಂದು ಗಂಡ ಸುಪ್ರೀಂ ಕೋರ್ಟಿನವರೆಗೆ ಹೋದ. ಮುಂದಿನ ಜೀವನಾಂಶದ ಹಕ್ಕನ್ನು ಬಿಟ್ಟುಕೊಡುವ ಇಂಥ ಒಪ್ಪಂದ ಸಾರ್ವಜನಿಕ ನೀತಿಗೆ ವಿರುದ್ಧ, ಅದು ಅವಳ ದಾವೆಗೆ ಅಡ್ಡಬಾರದು ಎಂದು 2013ರಲ್ಲಿ ತೀರ್ಪು ಬಂತು.

ಅಂದರೆ ಬಾಂಡ್ ಹೆಣ್ಣಿಗಷ್ಟೇ ಅಲ್ಲ, ಗಂಡಿಗೂ ಮೋಸ. ಎರಡು ಲಕ್ಷ ಕೊಟ್ಟವನ ಕೈಯಲ್ಲಿ ರಸೀದಿಯಿಲ್ಲ, ಬಿಡುಗಡೆಯೂ ಇಲ್ಲ. ಅದೇ ಹಣವನ್ನು ಕೋರ್ಟಿನ ಎದುರು, ವಿಚ್ಛೇದನದ ಡಿಕ್ರಿಯ ಭಾಗವಾಗಿ, ಶಾಶ್ವತ ಜೀವನಾಂಶವೆಂದು ಡಿ.ಡಿ. ಮೂಲಕ ಕೊಟ್ಟಿದ್ದರೆ ಅದಕ್ಕೆ ಲೆಕ್ಕವಿರುತ್ತಿತ್ತು, ತೂಕವಿರುತ್ತಿತ್ತು.

ಸಾಲು 4: ‘ಮಗು ತಾಯಿಯ ಹತ್ತಿರ ಇರತಕ್ಕದ್ದು’

ಮೂರು ತೊಲಿ ಬಂಗಾರಕ್ಕೆ ಮೂರು ತಾಸು ಚರ್ಚೆ. ಮಗುವಿಗೆ ಮುಕ್ಕಾಲು ಸಾಲು!

ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎನ್ನುವುದು 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವ ಕಾಯ್ದೆಯ ಮಾತು. ಆಮೇಲೆ? ಶಾಲೆಯ ಫೀ ಯಾರದು? ಆಸ್ಪತ್ರೆ ಖರ್ಚು? ದೀಪಾವಳಿ, ಬೇಸಿಗೆ ರಜೆ ಯಾರ ಮನೆಯಲ್ಲಿ? ಅಜ್ಜಿ ನೋಡಬೇಕೆಂದರೆ ಎಲ್ಲಿ, ಯಾವ ವಾರ? ಇವನ್ನೆಲ್ಲ ಬರೆಯದೆ ಬಿಟ್ಟರೆ ಮುಂದಿನ ಜಗಳಕ್ಕೆ ಬೀಜ ಹಾಕಿದಂತೆ.

ಇನ್ನೊಂದು ಮಾತು. ತಾಯಿ ತನ್ನ ಪೋಟಗಿ ಬೇಡವೆಂದಾಳು. ಮಗುವಿನದನ್ನು ಬೇಡವೆನ್ನಲು ಅವಳಿಗೂ ಅಧಿಕಾರವಿಲ್ಲ. ಮಗುವಿನ ಪಾಲನೆ, ಖರ್ಚಿನ ಬಗ್ಗೆ ಏನೇ ಬರೆದರೂ ಅದನ್ನು ಮುಂದೆ ಬದಲಿಸುವ ಅಧಿಕಾರ ಕೋರ್ಟಿಗೆ ಸದಾ ಇರುತ್ತದೆ.

ಸಾಲು 5: ‘ಸ್ಥಿರಚರ ಆಸ್ತಿಯಲ್ಲಿ ಹಕ್ಕಿಲ್ಲ’

ಟಿಕೋಟಾ, ಬಬಲೇಶ್ವರದಲ್ಲಿ ಈ ಸಾಲಿನ ತೂಕ ಈಚೆಗೆ ಹೆಚ್ಚಿದೆ. ಮಳೆ ನಂಬಿ ಜೋಳ ಬಿತ್ತುತ್ತಿದ್ದ ನೆಲಕ್ಕೆ ಮುಳವಾಡ, ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಗಳಿಂದ ಕೃಷ್ಣೆಯ ನೀರು ಏರಿ ಬಂದಿದೆ. ದ್ರಾಕ್ಷಿ ಪಡಗಳು, ಒಣದ್ರಾಕ್ಷಿ ಶೆಡ್‌ಗಳು ಎದ್ದಿವೆ. ಹೊಲದ ಬೆಲೆ ಏರಿದಂತೆ ಜಗಳದ ಬೆಲೆಯೂ ಏರಿದೆ.

ಇಲ್ಲಿ ಎರಡೂ ಕಡೆ ತಪ್ಪು ತಿಳಿವಳಿಕೆ ಇದೆ. ಗಂಡನ ಪಿತ್ರಾರ್ಜಿತ ಹೊಲದಲ್ಲಿ ವಿಚ್ಛೇದನದ ಕಾರಣಕ್ಕೆ ಹೆಂಡತಿಗೆ ಅರ್ಧ ಪಾಲು ತಾನಾಗಿ ಬರುವುದಿಲ್ಲ. ಮಕ್ಕಳ ಹಕ್ಕು ಮಾತ್ರ ಯಾವ ಬಾಂಡಿನಿಂದಲೂ ಹೋಗುವುದಿಲ್ಲ. ಪೋಟಗಿಯ ಬದಲು ಗಂಡ ಎರಡು ಎಕರೆ ಕೊಡಲು ಒಪ್ಪಿದರೆ ಬಾಂಡಿನಲ್ಲಿ ಬರೆದರೆ ಸಾಲದು. ಅದು ನೋಂದಣಿ ಆಗಬೇಕು, ಉತಾರದಲ್ಲಿ ಅವಳ ಹೆಸರು ಏರಬೇಕು. ‘ಹೊಲ ಬರಕೊಟ್ಟೀವಿ’ ಎಂದವರ ಉತಾರ ತೆಗೆಸಿ ನೋಡಿದರೆ ಅಪ್ಪನ ಹೆಸರೇ ಇರುವುದೂ ಉಂಟು.

‘ನನಗ ಪಗಾರ ಇಲ್ರಿ, ಒಕ್ಕಲುತನ’ ಎನ್ನುವ ಗಂಡನ ಆದಾಯ ಅಳೆಯುವುದು ಹೇಗೆ? 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಇದಕ್ಕೊಂದು ದಾರಿ ಮಾಡಿತು. ಜೀವನಾಂಶದ ಪ್ರಕರಣದಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ ಕೊಡಬೇಕು. ಒಕ್ಕಲುತನದವರಿಗೆ ಬೇರೆಯದೇ ನಮೂನೆ ಇದೆ. ಎಷ್ಟು ಜಮೀನು, ನೀರಾವರಿಯೋ ಒಣಬೇಸಾಯವೋ, ಯಾವ ಬೆಳೆ, ದನಕರು ಎಷ್ಟು ಎಂಬುದನ್ನೆಲ್ಲ ಅದರಲ್ಲಿ ತುಂಬಬೇಕು. ಜಮಖಾನೆಯ ಮೇಲಿನ ‘ಎರಡು ಲಕ್ಷ’ ಎಂಬ ಅಂದಾಜಿಗೂ ಈ ನಮೂನೆಗೂ ಇರುವ ದೂರವೇ ಪಂಚಾಯ್ತಿಗೂ ಕೋರ್ಟಿಗೂ ಇರುವ ದೂರ.

> ಎರಡು ಸಾವಿರ ರೂಪಾಯಿಯ ಒಪ್ಪಂದ
>
> ಬಿಜಾಪುರ ಸೇರಿದ್ದ ಅದೇ ಮುಂಬೈ ಪ್ರಾಂತ್ಯದಲ್ಲಿ ಬೇರೆಯಾಗುವ ಒಪ್ಪಂದವೊಂದು ಇತಿಹಾಸವಾಯಿತು. ಹನ್ನೊಂದನೇ ವಯಸ್ಸಿಗೆ ಮದುವೆಯಾಗಿದ್ದ ರುಖ್ಮಾಬಾಯಿ ಗಂಡನ ಮನೆಗೆ ಹೋಗಲು ಒಪ್ಪಲಿಲ್ಲ. ಗಂಡ ದಾದಾಜಿ ಭಿಕಾಜಿ 1884ರಲ್ಲಿ ಬಾಂಬೆ ಹೈಕೋರ್ಟ್‌ನಲ್ಲಿ ದಾವೆ ಹಾಕಿದ. 1887ರಲ್ಲಿ ಕೋರ್ಟ್, ಗಂಡನ ಮನೆಗೆ ಹೋಗು ಇಲ್ಲವೇ ಆರು ತಿಂಗಳು ಜೈಲಿಗೆ ಹೋಗು ಎಂದಿತು. ಜೈಲೇ ಆಗಲಿ ಎಂದಳು ರುಖ್ಮಾಬಾಯಿ.
>
> 1888ರಲ್ಲಿ ದಾದಾಜಿ 2,000 ರೂಪಾಯಿ ಪಡೆದು ತನ್ನ ಹಕ್ಕು ಬಿಟ್ಟುಕೊಟ್ಟ. ಹಣ ಕೊಟ್ಟು ಬಿಡುಗಡೆ ಪಡೆದವಳು ಹೆಂಡತಿ! ಮುಂದೆ ಆಕೆ ಇಂಗ್ಲೆಂಡಿಗೆ ಹೋಗಿ ವೈದ್ಯೆಯಾಗಿ ಬಂದು, ಸೂರತ್ ಮತ್ತು ರಾಜಕೋಟ್‌ನಲ್ಲಿ ದಶಕಗಳ ಕಾಲ ಸೇವೆ ಸಲ್ಲಿಸಿದರು.

ಗುಮ್ಮಟದ ಊರಿನ ಇನ್ನೊಂದು ಕಾಗದ

ವಿಜಯಪುರದ ಮುಸ್ಲಿಂ ಮನೆಗಳಲ್ಲಿ ಲೆಕ್ಕ ಬೇರೆ. ಇಲ್ಲಿ ಮದುವೆಯೇ ಒಂದು ಕರಾರು. ನಿಕಾಹ್‌ನಾಮಾದಲ್ಲಿ ಮೆಹರ್ ಮೊತ್ತ ಮೊದಲೇ ನಮೂದಾಗಿರುತ್ತದೆ. ಇಬ್ಬರೂ ಒಪ್ಪಿ ಬೇರೆಯಾಗುವ ಮುಬಾರಾತ್, ಹೆಂಡತಿ ಕೇಳಿ ಪಡೆಯುವ ಖುಲಾ ಎರಡನ್ನೂ 1937ರ ಶರಿಯತ್ ಕಾಯ್ದೆ ಗುರುತಿಸುತ್ತದೆ. ಹಾಗಾಗಿ ಇಬ್ಬರೂ ಮನಸಾರೆ ಬರೆದುಕೊಂಡ ಮುಬಾರಾತ್ ಪತ್ರಕ್ಕೆ ಬೆಲೆಯಿದೆ. ಆದರೂ ಪಾಸ್‌ಪೋರ್ಟ್, ಬ್ಯಾಂಕು, ಮರುಮದುವೆಯ ಹೊತ್ತಿಗೆ ತೊಡಕು ಬಾರದಿರಲು ಕೌಟುಂಬಿಕ ನ್ಯಾಯಾಲಯದಿಂದ ಘೋಷಣೆ ಪಡೆಯುವುದು ಒಳ್ಳೆಯದು.

ಬೆಲೆಯಿಲ್ಲದ್ದು ಯಾವುದು? ಗಂಡ ಒಬ್ಬನೇ ಬಾಂಡ್ ಪೇಪರಿನ ಮೇಲೆ ಮೂರು ಸಲ ತಲಾಖ್ ಬರೆದು ಅಂಚೆಯಲ್ಲಿ ಕಳಿಸುವುದು. ಸುಪ್ರೀಂ ಕೋರ್ಟಿನ 2017ರ ಆಗಸ್ಟ್ 22ರ ತೀರ್ಪಿನಿಂದ ಅದು ರದ್ದಾಯಿತು; 2019ರ ಕಾಯ್ದೆಯಿಂದ ಮೂರು ವರ್ಷದವರೆಗೆ ಜೈಲಿನ ಅಪರಾಧವಾಯಿತು. ಜೀವನಾಂಶ ಇದ್ದತ್‌ನ ದಿನಗಳಿಗಷ್ಟೇ (ವಿಚ್ಛೇದನದ ನಂತರದ ಕಾಯುವ ಅವಧಿಗಷ್ಟೇ) ಎಂಬ ಮಾತೂ ಹಳತು. ಅವಳ ಮುಂದಿನ ಬದುಕಿಗೂ ಸಾಕಾಗುವ ವ್ಯವಸ್ಥೆಯನ್ನು ಇದ್ದತ್ ಮುಗಿಯುವುದರೊಳಗೆ ಮಾಡಬೇಕು ಎಂದು 2001ರಲ್ಲೇ ಅದೇ ಕೋರ್ಟ್ ತೀರ್ಮಾನಿಸಿದೆ. ವಿಚ್ಛೇದಿತ ಮುಸ್ಲಿಂ ಮಹಿಳೆ ಎಲ್ಲರಿಗೂ ಇರುವ ಜೀವನಾಂಶದ ಸೆಕ್ಷನ್ನಿನಡಿಯೂ ಕೇಳಬಹುದು ಎಂದು 2024ರ ಜುಲೈ 10ರಂದು ಸುಪ್ರೀಂ ಕೋರ್ಟ್ ಮತ್ತೆ ಹೇಳಿದೆ.

ಹಾಗಾದರೆ ಸರಿಯಾದ ದಾರಿ ಯಾವುದು?

ಬಾಂಡನ್ನು ಬೈದು ಸುಮ್ಮನಾದರೆ ಆಗದು. ಜನ ಅದಕ್ಕೆ ಹೋಗುವುದಕ್ಕೆ ಕಾರಣವಿದೆ. ಕೋರ್ಟ್ ಎಂದರೆ ತಾರೀಖು, ತಾರೀಖು ಎಂದರೆ ವರ್ಷ. ಒಂದು ದಿನ ಕೋರ್ಟಿಗೆ ಬಂದರೆ ಒಂದು ದಿನದ ಕೂಲಿ ಹೋಯಿತು. ಪಂಚಾಯ್ತಿ ಒಂದೇ ಮಧ್ಯಾಹ್ನದಲ್ಲಿ ಮುಗಿಯುತ್ತದೆ.

ಆದರೆ ಇಬ್ಬರೂ ಒಪ್ಪಿದ ಮೇಲೆ ಕೋರ್ಟಿನ ದಾರಿ ಜನ ಹೆದರುವಷ್ಟು ಉದ್ದವಿಲ್ಲ. ಮದುವೆಯಾಗಿ, ಕನಿಷ್ಠ ಒಂದು ವರ್ಷದಿಂದ ಬೇರೆ ಇರುವ ಜೋಡಿ 13–ಬಿ ಅಡಿಯಲ್ಲಿ ಜಂಟಿ ಅರ್ಜಿ ಹಾಕಬಹುದು. ಆರು ತಿಂಗಳು ಯೋಚಿಸಲು ಸಮಯ. ಆಮೇಲೆ, ಹದಿನೆಂಟು ತಿಂಗಳೊಳಗೆ, ಮತ್ತೆ ಬಂದು ‘ನಮ್ಮ ಮಾತು ಅದೇ’ ಎಂದರೆ ಡಿಕ್ರಿ.

ಆ ಆರು ತಿಂಗಳನ್ನೂ ಮನ್ನಾ ಮಾಡಬಹುದು ಎಂದು 2017ರ ಸೆಪ್ಟೆಂಬರ್ 12ರಂದು ಸುಪ್ರೀಂ ಕೋರ್ಟ್ ಹೇಳಿತು. ಹಾಕಿದ ಷರತ್ತುಗಳಲ್ಲಿ ಒಂದನ್ನು ಗಮನಿಸಿ: ಜೀವನಾಂಶ, ಮಕ್ಕಳ ಪಾಲನೆ ಮುಂತಾದ ಎಲ್ಲವೂ ಮೊದಲೇ ನಿಜವಾಗಿ ಇತ್ಯರ್ಥವಾಗಿರಬೇಕು. ಅಂದರೆ ಒಪ್ಪಂದ ಚೆನ್ನಾಗಿದ್ದಷ್ಟೂ ಬಿಡುಗಡೆ ಬೇಗ.

ಒಂದು ಎಚ್ಚರ. ಡಿಕ್ರಿ ಆಗುವ ಮೊದಲು ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ಹಿಂದಕ್ಕೆ ಪಡೆಯಬಹುದು. 1991ರಿಂದ ಇದು ಸುಪ್ರೀಂ ಕೋರ್ಟಿನ ನಿಲುವು. ಅದಕ್ಕೇ ಅನುಭವಿ ವಕೀಲರು ಹಣವನ್ನು ಒಂದೇ ಸಲಕ್ಕೆ ಕೊಡಿಸುವುದಿಲ್ಲ. ಅರ್ಜಿ ಹಾಕುವಾಗ ಒಂದಿಷ್ಟು, ಡಿಕ್ರಿಯ ದಿನ ಉಳಿದದ್ದು. ಎರಡೂ ಕೈ ಕಟ್ಟಿದಂತಾಯಿತು.

ಟಿಕೋಟಾ, ಬಬಲೇಶ್ವರ ಈಗ ಬೇರೆ ತಾಲ್ಲೂಕುಗಳಾದರೂ ಇಂಥ ಅರ್ಜಿಗೆ ಬರಬೇಕಾದ್ದು ವಿಜಯಪುರದ ಕೌಟುಂಬಿಕ ನ್ಯಾಯಾಲಯಕ್ಕೆ. ಮಗಳನ್ನು ಜತ್ತಕ್ಕೋ ಸೊಲ್ಲಾಪುರಕ್ಕೋ ಕೊಟ್ಟ ಮನೆಗಳು ಈ ಸೀಮೆಯಲ್ಲಿ ಬಹಳ. ಅವಳು ತವರಿಗೆ ಬಂದು ಉಳಿದಿದ್ದರೆ ಗಡಿ ದಾಟಿ ಅಲ್ಲಿಯ ಕೋರ್ಟಿಗೇ ಅಲೆಯಬೇಕಿಲ್ಲ. 2003ರ ತಿದ್ದುಪಡಿಯ ಮೇಲೆ ಹೆಂಡತಿ ತಾನು ಇರುವ ಊರಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ವರದಕ್ಷಿಣೆ ಕಿರುಕುಳದ ಕೇಸಿದ್ದರೆ ಮಾತ್ರ ‘ಹಿಂದಕ್ಕೆ ತಗೊಂಡೆ’ ಎಂದರೆ ಅದು ಮುಗಿಯದು. ರಾಜಿಯ ಆಧಾರದಲ್ಲಿ ಅದನ್ನು ರದ್ದು ಮಾಡಬೇಕಾದ್ದು ಹೈಕೋರ್ಟ್. ನಮ್ಮ ಜಿಲ್ಲೆಗೆ ಅದು ಕಲಬುರಗಿ ಪೀಠ. ಆ ಓಡಾಟದ ಖರ್ಚು ಯಾರದು ಎಂಬುದನ್ನೂ ಒಪ್ಪಂದದಲ್ಲೇ ಬರೆಯಬೇಕು.

> ಸಹಿ ಹಾಕುವ ಮೊದಲು ಇಷ್ಟು ನೋಡಿ
>
> ಬಂಗಾರ, ಸಾಮಾನು: ತೂಕ, ಎಣಿಕೆ, ಕೊಡುವ ತಾರೀಖು. ‘ಎಲ್ಲಾ ಕೊಟ್ಟೀವಿ’ ಸಾಲದು.
>
> ಹಣ: ಎಷ್ಟು, ಯಾವ ಕಂತು, ಯಾವ ಖಾತೆಗೆ. ನಗದು ಬೇಡ.
>
> ತಪ್ಪಿದರೆ: ಕಂತು ತಪ್ಪಿದರೆ ಬಡ್ಡಿ ಎಷ್ಟು, ಮುಂದೇನು.
>
> ಮಗು: ಎಲ್ಲಿ ಇರುವುದು, ಶಾಲೆ, ಔಷಧ, ಭೇಟಿಯ ದಿನ. ಖರ್ಚು ವರ್ಷಕ್ಕೆ ಎಷ್ಟು ಏರಬೇಕು.
>
> ಹೊಲ, ಮನೆ: ಸರ್ವೆ ನಂಬರ್, ಚೆಕ್‌ಬಂದಿ, ನೋಂದಣಿಯ ಗಡುವು.
>
> ಸಾಲ: ಹೆಂಡತಿಯ ಹೆಸರಲ್ಲಿ ಎತ್ತಿದ ಸಂಘದ ಸಾಲ, ಅಡವಿಟ್ಟ ಬಂಗಾರ ಬಿಡಿಸುವವರು ಯಾರು.
>
> ಕೇಸುಗಳು: ಪ್ರತಿಯೊಂದರ ನಂಬರ್, ಮುಗಿಸುವ ಬಗೆ.
>
> ದಾಖಲೆ: ರೇಷನ್ ಕಾರ್ಡಿನಿಂದ ಹೆಸರು ತೆಗೆಸುವುದು, ಅಂಕಪಟ್ಟಿ, ಆಧಾರ್ ತಿರುಗಿ ಕೊಡುವುದು.

ಕೊನೆಯ ಅಂಶ ಸಣ್ಣದೆನಿಸಬಹುದು, ಅಲ್ಲ. ತವರಿಗೆ ಬಂದವಳ ಹೆಸರು ಇನ್ನೂ ಅತ್ತೆಯ ಮನೆಯ ರೇಷನ್ ಕಾರ್ಡಿನಲ್ಲೇ ಇದ್ದರೆ ಅವಳ ಪಾಲಿನ ಅಕ್ಕಿ ಅಲ್ಲಿ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಗೆ ಬೇಕಾದದ್ದು ಕಾರ್ಡಿನಲ್ಲಿ ಮನೆಯ ಯಜಮಾನಿ ಎಂಬ ಹೆಸರು. ಇವಳು ಯಾವ ಮನೆಗೂ ಯಜಮಾನಿಯಲ್ಲ. ಒಂದು ಸಾಲು ಬರೆಸಿಕೊಂಡಿದ್ದರೆ ಕೆಲಸ ಹಗುರಾಗುತ್ತಿತ್ತು.

ಹಿರಿಯರಿಗೂ ಕೆಲಸವಿದೆ

ಕೋರ್ಟಿನ ದಾರಿ ಹಿಡಿದರೆ ಹಿರಿಯರ ಮರ್ಯಾದೆ ಹೋಗುತ್ತದೆ ಎಂಬ ಅಂಜಿಕೆ ಬೇಡ. ಮಾತು ಮುರಿದ ಎರಡು ಮನೆಗಳನ್ನು ಒಂದು ಜಮಖಾನೆಯ ಮೇಲೆ ಕೂಡಿಸುವ ಶಕ್ತಿ ಇಂದಿಗೂ ಅವರಿಗೇ ಇರುವುದು. ಯಾವ ನೋಟಿಸಿಗೂ ಆ ಶಕ್ತಿಯಿಲ್ಲ. ಮಾತು ಕುದುರಿಸಲಿ, ಮೊತ್ತ ಹೊಂದಿಸಲಿ. ಹುಡುಗಿಯನ್ನು ಬಾಗಿಲ ಸಂದಿಯಿಂದ ಹೊರಗೆ ಕರೆದು ‘ನಿನಗೇನು ಬೇಕವ್ವಾ?’ ಎಂದು ಮೊದಲು ಕೇಳಲಿ. ಆಮೇಲೆ ಬಾಂಡ್ ತೆಗೆಯದೆ, ಇಬ್ಬರನ್ನೂ ವಕೀಲರ ಹತ್ತಿರ ಕಳಿಸಲಿ.

ವಿಜಯಪುರ–ಟಿಕೋಟಾ ರಸ್ತೆಯಲ್ಲಿ, ತೊರವಿಯ ಬಳಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಹಳ್ಳಿಯ ಹೆಣ್ಣುಮಕ್ಕಳು ದಿನವೂ ಅಲ್ಲಿಗೆ ಓದಲು ಹೋಗುತ್ತಾರೆ. ಅದೇ ಹಳ್ಳಿಗಳಲ್ಲಿ, ಅದೇ ವಯಸ್ಸಿನ ಇನ್ನೊಬ್ಬಳು ತಾನು ಓದದ ಕಾಗದಕ್ಕೆ ಸೈ ಮಾಡುತ್ತಾಳೆ. ಅವಳಿಗೆ ಯಾರಾದರೂ ಹೇಳಬೇಕಾದ ಮಾತು ಒಂದೇ.

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಆದಾಯ ಎಷ್ಟೇ ಇರಲಿ, ಪ್ರತಿ ಹೆಣ್ಣುಮಗಳಿಗೂ ಉಚಿತವಾಗಿ ವಕೀಲರನ್ನು ಪಡೆಯುವ ಹಕ್ಕಿದೆ. ವಿಜಯಪುರದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಟ್ಟರಾಯಿತು, ಇಲ್ಲವೇ 15100ಕ್ಕೆ ಒಂದು ಫೋನ್.

ಬಾಂಡಿಗೆ ದುಡ್ಡು ಬೇಕು. ಡಿಕ್ರಿ ತಂದುಕೊಡುವ ವಕೀಲರಿಗೆ ಅವಳು ದುಡ್ಡು ಕೊಡಬೇಕಿಲ್ಲ.